ಸುಂಕದ ಕಟ್ಟೆಯಲ್ಲಿ ನಿಲ್ಲದ ಗಾಡಿ

“ಅವ್ವಾ, ಕ್ಷಮಿಸಿದ ಮೇಲೂ ಮನಸ್ಸು ಯಾಕೆ ಉರಿಯುತ್ತದೆ?” ಎಂದು ಶಿಷ್ಯ ಕೇಳಿದ.

ಅವ್ವ ಮಠದ ಜಗಲಿಯ ಮೇಲೆ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು. “ಅಷ್ಟು ದೊಡ್ಡ ಮನಸ್ಸು ಮಾಡಿ ಯಾರನ್ನು ಕ್ಷಮಿಸಿದೆಯೋ ತಮ್ಮಾ?”

“ನನ್ನ ಅಣ್ಣನನ್ನು. ಅವನ ಮಗಳ ಮದುವೆಯಲ್ಲಿ, ಬೀಗರ ಎದುರು, ಎಲೆಯ ಮುಂದೆ ಕೂತಿದ್ದ ನನ್ನನ್ನು ಎಬ್ಬಿಸಿ ಕಳಿಸಿದ. ದಿನಾ ಬೆಳಗ್ಗೆ ಸ್ನಾನ ಮಾಡಿ, ಕಣ್ಣು ಮುಚ್ಚಿ ಕೂತು, ಅವನಾಡಿದ ಒಂದೊಂದು ಮಾತನ್ನೂ ನೆನೆದು ಒಂದೊಂದನ್ನೂ ಕ್ಷಮಿಸುತ್ತೇನೆ. ಒಂದನ್ನೂ ಬಿಟ್ಟಿಲ್ಲ.”

ಅವ್ವ ಎಲೆಗೆ ಸುಣ್ಣ ಸವರಿದಳು. ಅವನ ಮುಖ ನೋಡಲಿಲ್ಲ. ಈ ಕತೆ ಹೇಳಿದಳು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೊಸ ಪಾತ್ರೆ ಮಾರುವುದಕ್ಕೆ ಜಾಣತನ ಬೇಡ. ಇವನದು ಹಳೆಯದರ ವ್ಯಾಪಾರ. ಸತ್ತವರ ಮನೆಯ ಹಂಡೆ, ಪಾಲಾಗಿ ಮುರಿದ ಮನೆಯ ಕೊಳಗ, ತೂತು ಬಿದ್ದ ಚೊಂಬು, ಎಲ್ಲವನ್ನೂ ಗುಜರಿ ಅಂಗಡಿಯಿಂದ ಆರಿಸಿ ತರುತ್ತಿದ್ದ. ತಗ್ಗು ತಟ್ಟಿ, ತೂತು ಮುಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ನಿನ್ನೆ ಮೊನ್ನೆ ಹುಟ್ಟಿದ್ದು ಎನ್ನುವ ಹಾಗೆ ಮಾಡಿ ಸಂತೆಗೆ ಒಯ್ಯುತ್ತಿದ್ದ. “ತಿಕ್ಕಿದರೆ ಹೋಗದ ಕಲೆ ಭೂಮಿಯ ಮೇಲಿಲ್ಲ” ಎನ್ನುವುದು ಅವನ ಮಾತು. ಮಾತು ಚೆನ್ನಾಗಿಯೇ ಇತ್ತು. ಮನೆ ಹಾಳಾದದ್ದೂ ಅದರಿಂದಲೇ.

ಅವನಿಗೊಬ್ಬಳು ಹೆಂಡತಿ. ಮಕ್ಕಳಿರಲಿಲ್ಲ. ತೌರು ಎಂದರೆ ಅವಳಿಗೆ ತಾಯಿಯೊಬ್ಬಳೇ, ಪಕ್ಕದ ಹೋಬಳಿಯ ಹಳ್ಳಿಯಲ್ಲಿ.

ಒಂದು ದಿನ ಗಂಡ ಸಂತೆಗೆ ಹೋಗಿದ್ದಾಗ ತಾಯಿಗೆ ಜೀವ ಎಳೆಯುತ್ತಿದೆ ಎಂದು ಸುದ್ದಿ ಬಂತು. ಬಸ್ಸು ಹೋಗಿಬಿಟ್ಟಿತ್ತು. ದನದ ಆಸ್ಪತ್ರೆಯ ಕಾಂಪೌಂಡರ್ ಅದೇ ದಾರಿಯಲ್ಲಿ ಯಾರದೋ ಎಮ್ಮೆಗೆ ಸೂಜಿ ಹಾಕಲು ಹೊರಟಿದ್ದ. ಅವನ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಮಾವನ ಮನೆಯವರು ಕೊಟ್ಟದ್ದು, ಬ್ರಿಟಿಷರ ಕಾಲದ್ದು. ಇವಳು ಹಿಂದೆಮುಂದೆ ನೋಡಲಿಲ್ಲ. ಹತ್ತಿ ಕೂತಳು.

ಅರ್ಧ ದಾರಿಯಲ್ಲಿ, ಹಿಂದಿನವರು ಸುಂಕ ವಸೂಲಿ ಮಾಡುತ್ತಿದ್ದ ಕಲ್ಲಿನ ಕಟ್ಟೆಯ ಹತ್ತಿರ, ಗಾಡಿ ನಿಂತಿತು. ಕಾಂಪೌಂಡರ್ ಕಿಕ್ಕರ್ ತುಳಿದ. ಪೈಪು ಬಿಚ್ಚಿ ಬಾಯಿಟ್ಟು ಊದಿದ. “ಪೆಟ್ರೋಲ್ ಇಳಿಯುತ್ತಿಲ್ಲ ತಾಯಿ” ಎಂದ. ಇವಳು ನಡೆದೇ ಹೋಗುತ್ತೇನೆಂದು ಹೊರಟಳು. ಹಿಂದಿನಿಂದ ಅವನು “ಇನ್ನೇನು ಆಯಿತು, ಇರಿ” ಎಂದು ಕೂಗಿದ. ಗಾಡಿ ಗುಡುಗುಡು ಎಂದು ನಾಲ್ಕು ಮಾರು ಓಡಿ ಮತ್ತೆ ಸತ್ತಿತು. ಮತ್ತೆ ಹೊರಟಳು, ಮತ್ತೆ ಕೂಗಿದ. ಹೀಗೇ ಬಿಸಿಲು ಇಳಿಯಿತು. ಮಧ್ಯಾಹ್ನ ಬಿಟ್ಟವರು ದೀಪ ಹಚ್ಚುವ ಹೊತ್ತಿಗೆ ಹಳ್ಳಿ ಸೇರಿದರು. ಅಷ್ಟರಲ್ಲಿ ತಾಯಿಯ ಕಾಲಿನ ಹೆಬ್ಬೆರಳುಗಳನ್ನು ಕೂಡಿಸಿ ದಾರ ಕಟ್ಟಿಯಾಗಿತ್ತು. ಬಾಯಿಗೆ ನೀರು ಬಿಟ್ಟವಳು ಪಕ್ಕದ ಮನೆಯವಳು.

ಇಷ್ಟೇ ಆಗಿದ್ದರೆ ಬರೀ ದುಃಖ. ಆದರೆ ಕಟ್ಟೆಯ ಆಚೆ ಒಬ್ಬ ಕುರಿ ಮೇಯಿಸುತ್ತಿದ್ದ. ಪೆಟ್ರೋಲ್ ತಾಗೀತೆಂದು ಕಾಂಪೌಂಡರ್ ಅಂಗಿ ಬಿಚ್ಚಿಟ್ಟದ್ದು, ಇವಳು ಸೆರಗಿನಿಂದ ಮುಖ ಒರೆಸಿಕೊಂಡದ್ದು, ಕುರಿಯವನು ಕಂಡದ್ದು ಅಷ್ಟೆ. ಆ ಸುದ್ದಿ ಹಿಟ್ಟಿನ ಗಿರಣಿಗೆ ಬಂದಾಗ ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂತಿದ್ದರು. ನಲ್ಲಿಯ ಹತ್ತಿರ ಬಂದಾಗ ಕಲ್ಲಿನ ಮೇಲೆ ಸೆರಗು ಹಾಸಿತ್ತು. ಅದರಾಚೆಗೆ ಏನಾಯಿತೆಂದು ನನ್ನ ಬಾಯಿಂದ ಯಾಕೆ? ಆ ಕಾಂಪೌಂಡರ್ ಏನು ಮನ್ಮಥನೇ? ಬೋಳುತಲೆ, ಮುಂದೆ ಹೊಟ್ಟೆ, ಹತ್ತಿರ ಹೋದರೆ ಎಮ್ಮೆ ಮುಲಾಮಿನ ವಾಸನೆ. ಆದರೆ ಊರಿನ ಬಾಯಿಗೆ ಬೇಕಾದದ್ದು ಒಬ್ಬ ಗಂಡಸು. ಚೆಲುವ ಬೇಕೆಂದು ಯಾರು ಕೇಳಿದರು?

ವ್ಯಾಪಾರಿಯ ಕಿವಿಗೂ ಬಿತ್ತು. ಅವನು ಹೆಂಡತಿಯನ್ನು ಹೊಡೆಯಲಿಲ್ಲ, ಮನೆಯಿಂದ ಅಟ್ಟಲಿಲ್ಲ. “ಆದದ್ದು ಆಯಿತು, ನಾನು ಕ್ಷಮಿಸಿದ್ದೇನೆ” ಎಂದ. ಊರಿನ ಗಂಡಸರು ಬೆರಗಾದರು. ಹೆಂಗಸರು “ಇಂಥ ಗಂಡನ ಕಾಲು ತೊಳೆದು ನೀರು ಕುಡಿಯಬೇಕು” ಎಂದರು. ಇವಳು ಮಾತ್ರ ಒಲೆಯ ಮುಂದೆ ಕೂತು ಯೋಚಿಸಿದಳು: ಏನನ್ನು ಕ್ಷಮಿಸಿದರು? ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಅದೊಂದು ಜಗಳ. ಸುಮ್ಮನಿದ್ದರೆ ಮರೆತುಹೋಗುತ್ತದೆ ಎಂದುಕೊಂಡಳು.

ಮರೆತೂ ಹೋಯಿತು. ಕಾಂಪೌಂಡರಿಗೆ ಬೇರೆ ಊರಿಗೆ ವರ್ಗವಾಯಿತು; ಕೆಟ್ಟ ಗಾಡಿಯನ್ನು ಗುಜರಿಗೆ ಹಾಕಿ ಹೋದ. ಊರಿನ ಬಾಯಿಗೆ ಒಂದೇ ಎಲೆಯನ್ನು ಎಷ್ಟು ದಿನ ಅಗಿಯುವುದಕ್ಕಾಗುತ್ತದೆ? ಆ ವರ್ಷವೇ ಅರ್ಚಕರ ಸೊಸೆ ಬಳೆಗಾರನೊಂದಿಗೆ ಓಡಿಹೋದಳು. ಎಲ್ಲರೂ ಆ ಕಡೆ ಓಡಿದರು. ಇವಳು ಮತ್ತೆ ನಲ್ಲಿಗೆ ಹೋಗತೊಡಗಿದಳು. ಯಾರೋ ಒಬ್ಬಳು ಇವಳಿಂದ ಹೆಪ್ಪಿಗೆ ಮಜ್ಜಿಗೆಯನ್ನೂ ಕೇಳಿದಳು.

ಆಗ ಒಂದು ದಿನ ವ್ಯಾಪಾರಿ ಗುಜರಿಯಲ್ಲಿ ಹಂಡೆ ಹುಡುಕುತ್ತಿದ್ದವನು ಆ ಮೋಟಾರ್ ಸೈಕಲನ್ನು ಕಂಡ. ಟೈರಿಲ್ಲ, ದೀಪವಿಲ್ಲ, ಮೈತುಂಬ ತುಕ್ಕು. ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಹಾಡುಹಗಲೇ ಪೇಟೆಬೀದಿಯಲ್ಲಿ ತಂದ. ಮನೆಯ ಮುಂದಿನ ಅಂಗಳದಲ್ಲಿ, ಇವಳು ರಂಗೋಲಿ ಹಾಕುವ ಜಾಗದಲ್ಲಿ, ಇಳಿಸಿದ. ಹರಿದ ಸೀಟು ನೋಡಿಯೇ ಇವಳಿಗೆ ಗುರುತು ಹತ್ತಿತು.

“ಇದನ್ನು ಹೊಸದು ಮಾಡುತ್ತೇನೆ ಕಣೇ. ನಿನ್ನನ್ನು ಹಿಂದೆ ಕೂರಿಸಿಕೊಂಡು, ಊರೆಲ್ಲ ನೋಡುವ ಹಾಗೆ, ಅದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಎಲ್ಲರ ಬಾಯಿ ಮುಚ್ಚಬೇಕು.”

“ಅವರು ಬಾಯಿ ಮುಚ್ಚಿ ಎಷ್ಟೋ ಕಾಲವಾಯಿತು ರೀ. ತೆಗೆಸುತ್ತಿರುವವರು ನೀವು.”

ಅವನಿಗೆ ಕೇಳಿಸಲಿಲ್ಲ. ಆಗಲೇ ಸ್ಪ್ಯಾನರ್ ಹಿಡಿದು ಕೂತಿದ್ದ.

ಅಂದಿನಿಂದ ಸಂತೆ ತಪ್ಪಿತು. ಬೆಳಗಾದರೆ ಅಂಗಳದಲ್ಲಿ ಗೋಣಿ ಹಾಸಿ, ಇಂಜಿನಿನ ಒಂದೊಂದು ಭಾಗವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಡುತ್ತಿದ್ದ. ದಾರಿಹೋಕರು ನಿಂತು ನೋಡುತ್ತಿದ್ದರು. “ಇದು ಆ ಕಾಂಪೌಂಡರನ ಗಾಡಿಯಲ್ಲವೇ?” ಎಂದು ಒಬ್ಬ. “ಯಾವ ಕಾಂಪೌಂಡರ್?” ಎಂದು, ಈಚೆಗೆ ಊರಿಗೆ ಬಂದ ಇನ್ನೊಬ್ಬ. ಅಲ್ಲಿಗೆ ಕತೆ ಮೊದಲಿನಿಂದ ಶುರು. ಕುರಿಯವನು ಸತ್ತಿದ್ದ, ಆದರೂ ಅವನು ಕಾಣದೆ ಇದ್ದದ್ದೆಲ್ಲ ಈಗ ಊರಿಗೆ ಕಂಡಿತು. ನಲ್ಲಿಯ ಹತ್ತಿರ ಒಬ್ಬಳು “ಏನೇ ತಾಯಿ, ನಿನ್ನ ಹಳೇ ಗಾಡಿಗೆ ಬಣ್ಣ ಬಂತೇ?” ಎಂದು ಕೇಳಿದಳು. ಉಳಿದವರು ಕೊಡಕ್ಕೆ ಮುಖವಿಟ್ಟು ನಕ್ಕರು. ಇವಳು ನಲ್ಲಿಗೆ ಹೋಗುವುದನ್ನು ಬಿಟ್ಟಳು.

ಅವನು ರಿಪೇರಿ ಮಾಡುತ್ತಲೇ ಪ್ರಶ್ನೆ ಕೇಳುತ್ತಿದ್ದ. “ಮೊದಲು ಸದ್ದು ನಿಂತಿತೋ, ಚಕ್ರ ನಿಂತಿತೋ?” ಕೆಲಸಕ್ಕೆ ಬೇಕಾಗಿ ಕೇಳುತ್ತಾನೆಂದು ಇವಳು ಮೊದಮೊದಲು ಆಸೆಯಿಂದ ಉತ್ತರ ಕೊಟ್ಟಳು. ಕೆಟ್ಟ ಭಾಗ ಯಾವುದೆಂದು ಗೊತ್ತಾದರೆ ತನ್ನ ಮಾತು ನಿಜವಾಗುತ್ತದಲ್ಲ! ಆಮೇಲೆ ಪ್ರಶ್ನೆಗಳು ಗಾಡಿಯನ್ನು ಬಿಟ್ಟು ಆಚೆಗೆ ಹೋದವು. “ಅವನು ಪೈಪು ಬಿಚ್ಚುವಾಗ ನೀನು ಯಾವ ಕಡೆ ಇದ್ದೆ? ಅಂಗಿ ತೆಗೆದದ್ದು ಬಿಚ್ಚುವ ಮೊದಲೋ, ಆಮೇಲೋ?” ಆಗ ಇವಳಿಗೆ ತಿಳಿಯಿತು. ಗೋಣಿಯ ಮೇಲೆ ಬಿಚ್ಚಿಟ್ಟದ್ದು ಇಂಜಿನ್ ಅಲ್ಲ.

ಒಂದು ದಿನ ಪೆಟ್ರೋಲ್ ಟ್ಯಾಂಕ್ ತೊಳೆಯುವ ಸರದಿ ಬಂತು. ಅವನು ಹಂಡೆ ತೊಳೆಯುವ ವಿದ್ಯೆಯನ್ನೇ ಮಾಡಿದ. ಅಡುಗೆಮನೆಯಿಂದ ಹುಣಸೆಹಣ್ಣು ತಂದು ಕಿವುಚಿ, ಆ ನೀರನ್ನೂ ಸಣ್ಣ ಕಲ್ಲುಗಳನ್ನೂ ಟ್ಯಾಂಕಿನೊಳಗೆ ಹಾಕಿ, ತೊಡೆಯ ಮೇಲಿಟ್ಟು ಮಗುವನ್ನು ಆಡಿಸಿದಂತೆ ಗಡಗಡ ಆಡಿಸಿದ. ಬಗ್ಗಿಸಿದಾಗ ಕೆಂಪು ನೀರು ಧಾರೆಯಾಗಿ ಬಂತು. ಅದರ ಜೊತೆಗೆ ಚೂರು ಚೂರಾಗಿ ತುಕ್ಕಿನ ಹಕ್ಕಳೆ.

ಇವಳು ಒಳಗಿನಿಂದ ಓಡಿ ಬಂದಳು. ಬರಿಗೈಯಲ್ಲಿ ಆ ಹಕ್ಕಳೆಗಳನ್ನು ಬಾಚಿ ಅವನ ಮುಂದೆ ಹಿಡಿದಳು. “ಇದೇ ರೀ! ಪೆಟ್ರೋಲ್ ಇಳಿಯದ ಹಾಗೆ ಪೈಪಿಗೆ ಅಡ್ಡ ಬಂದದ್ದು ಇದೇ!”

ಅವನು ಅವಳ ಅಂಗೈಯನ್ನು ನೋಡಿದ. ಬಹಳ ಹೊತ್ತು ನೋಡಿದ. “ಗುಜರಿಯಲ್ಲಿ ಬಿದ್ದು ಹಿಡಿದ ತುಕ್ಕೂ ಹೀಗೇ ಇರುತ್ತದೆ” ಎಂದು ಮತ್ತೆ ಟ್ಯಾಂಕಿಗೆ ನೀರು ಹಾಕಿದ.

ಅಷ್ಟೆ. ಇವಳ ಪರವಾಗಿ ಹೇಳಲು ಲೋಕದಲ್ಲಿ ಉಳಿದಿದ್ದ ಒಂದೇ ಸಾಕ್ಷಿ ಅಂಗಳದಲ್ಲಿ ಹರಿದು ಮೋರಿ ಸೇರಿತು. ಇವಳೇ ಪೊರಕೆ ತಂದು ಗುಡಿಸಿದಳು. ಅಂಗಳದ ಕೆಂಪು ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ.

ಕೆಲಸ ಮುಗಿಯಿತು. ಏನು ಹೇಳಲಿ, ಮದುಮಗನಂತೆ ನಿಂತಿತ್ತು ಗಾಡಿ! ಕಪ್ಪು ಟ್ಯಾಂಕಿನಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದಿತ್ತು. ದೂರದ ಊರುಗಳಿಂದ ಶೋಕಿಯ ಜನ ಕೊಳ್ಳಲು ಬಂದರು. ಅವನು ಕೊಡಲಿಲ್ಲ. ಆಯುಧಪೂಜೆಯ ದಿನ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹೆಂಡತಿಯನ್ನು ಕರೆದ. ಅವಳು ಮದುವೆಯ ಸೀರೆ ಉಟ್ಟು ಬಂದಳು. ಉಡು ಎಂದಿದ್ದ, ಉಟ್ಟಳು. ಪೇಟೆಬೀದಿಯ ಎರಡೂ ಕಡೆ ಜನ ನಿಂತಿದ್ದರು. ರಥವಿಲ್ಲದೆಯೇ ಉತ್ಸವ.

ಊರು ದಾಟಿತು. ಗಾಡಿ ತುಪ್ಪದಲ್ಲಿ ಜಾರಿದಂತೆ ಹೋಗುತ್ತಿತ್ತು. ಇವಳ ಕೈ ಅವನ ಭುಜದ ಮೇಲಿತ್ತು. ಸುಂಕದ ಕಟ್ಟೆ ಹತ್ತಿರವಾದಂತೆ ಆ ಭುಜ ಬಿಗಿಯುವುದು ಇವಳ ಕೈಗೆ ತಿಳಿಯಿತು. ಕಟ್ಟೆ ದಾಟಿತು. ಅವನು ಗಾಡಿ ತಿರುಗಿಸಿದ. ಮತ್ತೆ ದಾಟಿಸಿದ. ಮತ್ತೆ ತಿರುಗಿಸಿದ.

ಆಗ ಇವಳು ಕಣ್ಣು ಮುಚ್ಚಿ ಗಾಡಿಯನ್ನೇ ಬೇಡಿಕೊಂಡಳು. ನಿಂತು ನಿಂತು ತಾಯಿಯ ಬಾಯಿಗೆ ಒಂದು ಹನಿ ನೀರು ಬಿಡಲು ಬಿಡದ ಗಾಡಿ ಅದು. ಅದನ್ನೇ ‘ಒಂದು ಸಲ ನಿಲ್ಲು, ನಿನ್ನ ಕಾಲಿಗೆ ಬೀಳುತ್ತೇನೆ, ಒಂದೇ ಒಂದು ಸಲ ನಿಲ್ಲು’ ಎಂದು ಬೇಡಿಕೊಂಡಳು. ಅದು ನಿಲ್ಲಲಿಲ್ಲ. ಹೇಗೆ ನಿಂತೀತು? ನಿಲ್ಲಿಸುವಂಥದ್ದನ್ನೆಲ್ಲ ಅವನೇ ಬಿಚ್ಚಿ, ತೊಳೆದು, ಬದಲಿಸಿದ್ದ.

ಕೊನೆಗೆ ಅವನೇ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ.

“ನಿಲ್ಲಲೇ ಇಲ್ಲವಲ್ಲ” ಎಂದ.

“ಅವತ್ತು ನಿಂತಿತ್ತು ರೀ.”

“ಇಂಥ ಗಾಡಿಯೇ?”

ಇವಳು ಇಳಿದು ಕಟ್ಟೆಯ ಕಲ್ಲಿನ ಮೇಲೆ ಕೂತಳು. ಮುಂದೆ ತೌರಿನ ದಾರಿ. ಆ ಬಾಗಿಲು ತಾಯಿಯ ಜೊತೆಗೇ ಮುಚ್ಚಿತ್ತು. ಹಿಂದೆ ಊರು; ಅಲ್ಲಿ ಎಲ್ಲರ ಮನೆಯ ಬಾಗಿಲೂ ತೆರೆದಿತ್ತು, ನೋಡುವುದಕ್ಕೆ. ಗಾಡಿ ಒಂದೇ ಸಮನೆ ಮಿಡಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಇವಳೇ ಎದ್ದು ಮತ್ತೆ ಹಿಂದೆ ಹತ್ತಿ ಕೂತಳು. ಈ ಸಲ ಭುಜ ಹಿಡಿಯಲಿಲ್ಲ. ಸೀಟಿನ ಕಬ್ಬಿಣ ಹಿಡಿದುಕೊಂಡಳು.

ಆಮೇಲೂ ಇಬ್ಬರೂ ಅದೇ ಮನೆಯಲ್ಲಿ ಬಾಳಿದರು. ಅವನು ದಿನವೂ ಬೆಳಗ್ಗೆ ಬಟ್ಟೆ ಹಿಡಿದು ಗಾಡಿ ಒರೆಸುತ್ತಿದ್ದ. ಕೇಳಿದವರಿಗೆಲ್ಲ “ನನ್ನ ಹೆಂಡತಿಯನ್ನು ನಾನು ಕ್ಷಮಿಸಿದ್ದೇನೆ” ಎನ್ನುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಇವಳು ಗಾಡಿ ನಿಂತ ಜಾಗವನ್ನು ಬಿಟ್ಟು, ಅದರ ಸುತ್ತ ರಂಗೋಲಿ ಹಾಕುತ್ತಿದ್ದಳು. ಅವಳ ದನಿಯನ್ನು ಗೋಡೆಯಾಚೆಯವರು ಮತ್ತೆ ಕೇಳಲಿಲ್ಲ. ಅವಳು ಸತ್ತಾಗ ಹೆಬ್ಬೆರಳಿಗೆ ದಾರ ಕಟ್ಟಲು ಬಂದ ಹೆಂಗಸರು ಅಂಗಳದಲ್ಲಿ ನಿಂತು ಮೊದಲು ಗಾಡಿಯನ್ನು ನೋಡಿದರು.

ಅವ್ವ ಕತೆ ನಿಲ್ಲಿಸಿ ಎಲೆ ಮಡಿಸಿದಳು.

ಶಿಷ್ಯನ ಕಣ್ಣು ಕೆಂಪಾಗಿತ್ತು. “ಎಂಥ ಪಾಪಿ, ಅವ್ವಾ! ಅವನು ಕ್ಷಮಿಸಿದ್ದು ಎಲ್ಲಿ? ದಿನಾ ಅದನ್ನು ಒರೆಸಿ ಒರೆಸಿ ಹೊಳೆಯುವ ಹಾಗೆ ಇಟ್ಟುಕೊಂಡಿದ್ದ, ಅಷ್ಟೆ.”

ಅವ್ವ ಎಲೆಯನ್ನು ಬಾಯಿಗಿಟ್ಟು ಮೊದಲ ಸಲ ಅವನ ಮುಖ ನೋಡಿದಳು.

“ಇವತ್ತು ಬೆಳಗ್ಗೆ ನಿನ್ನದನ್ನು ಒರೆಸಿದ್ದಾಯಿತೇ, ತಮ್ಮಾ?”