ಇಲಿ ಯಾಕೆ ಗೋಡೆ ಸವರಿಕೊಂಡೇ ಓಡುತ್ತದೆ

ಭೂಮಿಯ ಮೇಲಿನ ಕೆಸರು ಇನ್ನೂ ಆರಿರದ ಹೊಸ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ. ಗೋಡೆ ಎಂಬುದೇ ಇರಲಿಲ್ಲ. ರಾಗಿ ಎಲ್ಲರದಾಗಿತ್ತು. ಮನುಷ್ಯನೂ ತಿಂದ, ಗುಬ್ಬಿಯೂ ತಿಂದಿತು, ಇಲಿಯೂ ತಿಂದಿತು.

ಆಮೇಲೆ ಬಿಳಿಗಯ್ಯ ಎಂಬವನು ಮಣ್ಣು ಕಲಸಿ ಮೊದಲ ಗೋಡೆ ಕಟ್ಟಿದ. ರಾಗಿಯನ್ನೆಲ್ಲ ಒಳಗೆ ಹೊತ್ತು ತಂದ. ಇಲಿಯನ್ನು ಒಂದು ಮಾತು ಕೇಳಲಿಲ್ಲ. ಆದರೂ ಇಲಿಗೇ ಕಳ್ಳ ಅಂತ ಹೆಸರಿಟ್ಟ. ಕಳ್ಳ ಎಂಬ ಮಾತು ಹುಟ್ಟಿದ್ದು ಗೋಡೆ ಹುಟ್ಟಿದ ದಿನ, ನೆನಪಿಟ್ಟುಕೊಳ್ಳಿ ಮಕ್ಕಳೇ.

ಇಲಿ ಆಗ ಹೆದರಿ ಓಡುತ್ತಿರಲಿಲ್ಲ. ನೆಂಟರ ಹಾಗೆ ಬಾಗಿಲಲ್ಲಿ ಬಂದು, ನಡುಮನೆಯಲ್ಲೇ ನಡೆದು, ಬೀಜದ ರಾಗಿ ತುಂಬಿಟ್ಟ ದೊಡ್ಡ ಮಣ್ಣಿನ ಗುಡಾಣ ಹತ್ತುತ್ತಿತ್ತು. ಗುಡಾಣದ ಬಾಯಿ ಸದಾ ತೆರೆದೇ ಇರುತ್ತಿತ್ತು. ಬೀಜಕ್ಕೆ ಜೀವ ಇದೆ, ಮುಚ್ಚಿಟ್ಟರೆ ಉಸಿರುಕಟ್ಟಿ ಸಾಯುತ್ತದೆ ಎಂದು ಆಗಿನವರು ನಂಬಿದ್ದರು.

ಬಿಳಿಗಯ್ಯನ ಹೆಂಡತಿ ಹೊನ್ನಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಗುಡಾಣಕ್ಕೆ ಇಣುಕಿದಳು.

"ಅರ್ಧ ಖಾಲಿ ಕಣಯ್ಯಾ. ಬಿತ್ತೋಕೆ ಬೀಜ ಇಲ್ದಿದ್ರೆ ಈ ಕೂಸು ಏನ್ ತಿಂದು ಬದುಕ್ಬೇಕು?"

"ಸುಮ್ನಿರೇ, ಯಂತ್ರ ಮಾಡ್ತೀನಿ."

ಮಾಡಿದ. ನಡುಮನೆಯಲ್ಲಿ ಕೊಬ್ಬರಿ ಚೂರು. ಕೊಬ್ಬರಿಗೆ ದಾರ. ದಾರ ಎಳೆದರೆ ಮೇಲಿನ ಸೋರೆಬುರುಡೆಯ ಬಿರಡೆ ಕಿತ್ತು ನೀರು ತೊಟ್ಟಿಕ್ಕಬೇಕು. ನೀರು ಬಿದಿರಿನ ಕೊಳವೆ ತುಂಬಬೇಕು. ಕೊಳವೆ ಭಾರಕ್ಕೆ ಬಾಗಿ ಗುಂಡುಕಲ್ಲನ್ನು ಉರುಳಿಸಬೇಕು. ಕಲ್ಲು ಗೂಟಕ್ಕೆ ಬಡಿಯಬೇಕು. ಆಗ ತೊಲೆಗೆ ತೂಗುಹಾಕಿದ ಒನಕೆ ಇಲಿಯ ತಲೆ ಮೇಲೆ!

"ಒನಕೆ ಮೇಲಿದ್ರೆ ನಾನು ರಾಗಿ ಯಾತರಲ್ಲಿ ಕುಟ್ಲಿ? ನಿನ್ ಮಂಡೆ ತಗೊಂಡು ಕುಟ್ಲಾ?" ಎಂದಳು ಹೊನ್ನಿ.

ಬಾಗಿಲಲ್ಲಿ ನಿಂತಿದ್ದ ಗಾಳಿ ನಕ್ಕಿತು. "ಏನಯ್ಯಾ, ಹಿಡಿಯೋದು ಇಲೀನೋ ಆನೇನೋ?"

"ನಿನ್ನ ಪಾಡಿಗೆ ಬೀಸ್ಕೊಂಡು ಹೋಗು," ಎಂದ ಬಿಳಿಗಯ್ಯ.

ಇಲಿ ಬಂತು. ಕೊಬ್ಬರಿ ಎಳೆಯಿತು. ನೀರು ತೊಟ್ಟು ತೊಟ್ಟಾಗಿ ಬೀಳತೊಡಗಿತು. ಇಲಿ ಕೂತು ತಿಂದಿತು, ಮೀಸೆ ಒರೆಸಿಕೊಂಡಿತು, ಎದ್ದು ಗೋಡೆ ಬದಿಯ ಗುಡಾಣದತ್ತ ಹೋಯಿತು. ಒನಕೆ ಅಲ್ಲಾಡಲಿಲ್ಲ.

"ಥೂ, ಕೆಟ್ಟುಹೋಯ್ತು," ಎಂದು ಬಿಳಿಗಯ್ಯ ಹೊಸ ಗೂಟ ಕೆತ್ತಲು ಹಿತ್ತಲಿಗೆ ಹೋದ.

ಕೆಟ್ಟಿರಲಿಲ್ಲ. ಕೊಳವೆ ಇನ್ನೂ ತುಂಬುತ್ತಲೇ ಇತ್ತು.

ಚೆಲ್ಲಿದ ಕೊಬ್ಬರಿ ಪುಡಿ ಕಂಡು ಕೂಸು ಅಂಬೆಗಾಲಿಟ್ಟು ಬಂತು. ಒನಕೆಯ ನೇರಕ್ಕೆ ಕೂತು ನೆಲ ನೆಕ್ಕತೊಡಗಿತು. ಕೂಸಿನ ತುತ್ತು ಉಳಿಸಲು ಕಟ್ಟಿದ ಯಂತ್ರ ಈಗ ಕೂಸಿನ ತಲೆ ಮೇಲೆ! ಒಲೆ ಮುಂದಿದ್ದ ಹೊನ್ನಿ ತಿರುಗಿ ನೋಡಿದಾಗ ಕೊಳವೆ ಬಾಗುತ್ತಿತ್ತು. ಅವಳು ಸೌಟು ಎಸೆದು ಎದ್ದಳು, ಆದರೆ ಕೂಸು ಕೈಗೆಟುಕದಷ್ಟು ದೂರದಲ್ಲಿತ್ತು.

ಇಲಿಯೂ ನೋಡಿತು.

"ಕೂಸೇ, ಇಲ್ಲಿ ಬಾ! ನನ್ನ ಬಾಲ ಹಿಡಿ ನೋಡೋಣ!" ಎಂದು ಗೋಡೆ ಬದಿಯಲ್ಲಿ ಬಾಲ ಕುಣಿಸಿತು.

ಕೂಸು ಕೇಕೆ ಹಾಕಿ ಬಾಲದ ಹಿಂದೆ ಹೊರಟಿತು.

ದಢ್! ಒನಕೆ ಬಿದ್ದ ಜಾಗದಲ್ಲಿ ಕುಳಿ ಬಿತ್ತು. ಖಾಲಿ ನೆಲದಲ್ಲಿ.

ಹೊನ್ನಿ ಕೂಸನ್ನು ಬಾಚಿ ಎದೆಗೊತ್ತಿಕೊಂಡಳು. ಓಡಿಬಂದ ಬಿಳಿಗಯ್ಯ ಕುಳಿಯನ್ನೊಮ್ಮೆ, ಕೂಸನ್ನೊಮ್ಮೆ ನೋಡಿದ. ಕೂಸು ಇನ್ನೂ ನಗುತ್ತಿತ್ತು. ಗಾಳಿ ಬಿಗಿಹಿಡಿದಿದ್ದ ಉಸಿರು ಬಿಟ್ಟಿತು, ಮನೆಯೆಲ್ಲ ತಂಪಾಯಿತು.

ಆಮೇಲೆ ಹೊನ್ನಿ ಕಡುಬು ಬೇಯಿಸುವ ತೂತಿನ ಮಣ್ಣುತಟ್ಟೆಯನ್ನು ಗುಡಾಣದ ಬಾಯಿಗೆ ಕವುಚಿದಳು. "ಬೀಜ ಉಸಿರಾಡುತ್ತೆ. ಇಲಿ ಇಳಿಯಲ್ಲ."

"ಇಷ್ಟೇನಾ?" ಎಂದ ಬಿಳಿಗಯ್ಯ.

"ಇಷ್ಟೇ. ಇಲಿಯಕ್ಕಾ, ಕುಟ್ಟುವಾಗ ಗೋಡೆ ಬದಿಗೆ ಸಿಡಿದ ಕಾಳೆಲ್ಲ ನಿಂದು. ಬಂದು ತಿನ್ನು. ಯಾರನ್ನೂ ಕೇಳ್ಬೇಡ."

"ಬದಿಯಲ್ಲೇ ಬರ್ತೀನಿ ತಾಯಿ. ನಡುಮನೆ ಸಹವಾಸ ಸಾಕು. ನಿಮ್ಮ ಯಜಮಾನ್ರ ತಲೆ ಇನ್ನೂ ಓಡ್ತಾನೇ ಇದೆ," ಎಂದಿತು ಇಲಿ.

ಅದಕ್ಕೇ ಇವತ್ತಿಗೂ ನಿಮ್ಮ ಮನೆಯ ಇಲಿ ನಡುಮನೆಗೆ ಕಾಲಿಡಲು ಅಂಜುತ್ತದೆ. ಮೀಸೆಯಿಂದ ಗೋಡೆಯನ್ನು ಸವರಿ, ಗೋಡೆ ಪಕ್ಕದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾ ಬದಿಬದಿಯಲ್ಲೇ ಓಡುತ್ತದೆ.