ಇಕ್ಕಳ ಕೂಡಿಸಿದ ಸಂಬಂಧ

ಆ ಸೈಕಲ್ ಶಾಪಿನಲ್ಲಿ ಇಕ್ಕಳವೇ ಮದುವೆ ದಲ್ಲಾಳಿ. ಹಾಲು ಸಾಗಿಸುವ ಸೈಕಲ್ಲಿನ ಹಿಂಚಕ್ರದ ಹಲ್ಲುಗಾಲಿಯಾದ ಫ್ರೀವೀಲಿಗೆ ಚೈನು ಬೇಕಾದಾಗ, ಗೇರ್ ಸೈಕಲ್ಲಿನಿಂದ ಬಿಚ್ಚಿದ ತೆಳ್ಳನೆಯ, ಥಳಥಳಿಸುವ ಚೈನೊಂದನ್ನು ಅದು ಕರೆತಂದಿತು.

“ಜಾತಕ ಚೆನ್ನಾಗಿ ಕೂಡಿದೆ. ಇವನ ಕೊಂಡಿಯಿಂದ ಕೊಂಡಿಗೆ ಎಷ್ಟು ದೂರವೋ, ನಿನ್ನ ಹಲ್ಲಿನಿಂದ ಹಲ್ಲಿಗೂ ಅಷ್ಟೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.”

“ಉದ್ದ ಸರಿ ಮಾವಾ, ಅಗಲ ನೋಡಿದಿರಾ? ನನ್ನ ಹಲ್ಲು ದಪ್ಪ,” ಎಂದಿತು ಫ್ರೀವೀಲು.

“ಅದೆಲ್ಲ ಮದುವೆಯಾದ ಮೇಲೆ ಸರಿಹೋಗುತ್ತದಮ್ಮ.”

ಎಣ್ಣೆ ಶಾಸ್ತ್ರ ಮುಗಿಯಿತು. ಇಕ್ಕಳ ಚೈನಿನ ಲಾಕನ್ನು ಕಚ್ಚಿ ಕೂಡಿಸಿತು. ಆದರೆ ಚೈನು ಕೆಳಗೆ ಇಳಿಯಲೇ ಇಲ್ಲ. ಬೇಲಿಯ ಮೇಲಿನ ಕಾಗೆಯ ಹಾಗೆ ಹಲ್ಲುಗಳ ತುದಿಯಲ್ಲೇ ಕೂತಿತು. ಪೆಡಲ್ ತುಳಿದದ್ದೇ ತಡ, ಜಾರಿ ಜೋತುಬಿತ್ತು. ಹಾಲಿನ ಕ್ಯಾನು ಹೊತ್ತ ಸೈಕಲ್ಲು ಅಲ್ಲೇ ವಾಲಿತು.

ಇಕ್ಕಳ ಗಂಟಲು ಸರಿಮಾಡಿಕೊಂಡು ಫ್ರೀವೀಲಿಗೆ ಹೇಳಿತು: “ಹುಡುಗ ಒಳ್ಳೆಯವನು. ನೀನೇ ಸ್ವಲ್ಪ ಅಡ್ಜಸ್ಟ್ ಮಾಡಿಕೋ. ಅರದಲ್ಲಿ ಹಲ್ಲು ಉಜ್ಜಿಸಿಕೊಂಡರೆ ತೆಳ್ಳಗಾಗುತ್ತೀಯ.”

“ಅಗಲ ಅಳೆಯದೆ ಬಿಟ್ಟವರು ನೀವು. ಅರ ಮಾತ್ರ ನನ್ನ ಹಲ್ಲಿಗೋ, ಮಾವಾ?”

ಜೋತುಬಿದ್ದ ಚೈನಿಗೂ ನಗು ಬಂತು. “ಅವಳು ಹೇಳುವುದು ಸರಿ. ನನ್ನೊಳಗೆ ಅವಳ ಹಲ್ಲಿಗೆ ಜಾಗವಿಲ್ಲ. ನನ್ನನ್ನು ಬಿಚ್ಚಿಬಿಡಿ.”

ತಾನೇ ಕಚ್ಚಿ ಹಾಕಿದ ಲಾಕನ್ನು ಇಕ್ಕಳ ತಾನೇ ಕಚ್ಚಿ ತೆಗೆಯಿತು. ಆಮೇಲೆ ಏನೂ ಆಗದವರ ಹಾಗೆ, ಗೋಡೆಯ ಮೊಳೆಗೆ ತೂಗುಹಾಕಿದ್ದ ಇನ್ನೊಂದು ಚೈನಿನತ್ತ ತಿರುಗಿ, “ಜಾತಕ ಚೆನ್ನಾಗಿ...” ಎಂದು ಶುರುಮಾಡಿತು.

“ಜಾತಕ ಇರಲಿ,” ಎಂದಿತು ಆ ಚೈನು. “ಮೊದಲು ಹುಡುಗಿಯ ಹಲ್ಲು ಎಷ್ಟು ದಪ್ಪ, ಹೇಳಿ.”