ಗುಡ್ಡ ಕಾಣದ ಗಾಡಿ

ತುಂಗಭದ್ರೆಯ ದಂಡೆಯ ಮಠಕ್ಕೆ ಭಕ್ತರೊಬ್ಬರು ಕಾರು ಕೊಟ್ಟರು. ಅಂದಿನಿಂದ ಚನ್ನವೀರನಿಗೆ ಇಬ್ಬರು ಗುರುಗಳಾದರು. ಒಬ್ಬರು ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು, ಇನ್ನೊಬ್ಬರು ಆ ಕಾರು.

ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಇತ್ತು. ಬೇಕಾದ ವೇಗಕ್ಕೆ ತಂದು ಗುಂಡಿ ಒತ್ತಿದರೆ ಮುಗಿಯಿತು, ಕಾಲು ತೆಗೆದರೂ ಗಾಡಿ ಅದೇ ವೇಗದಲ್ಲಿ ಹೋಗುತ್ತಿತ್ತು. ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ನನ್ನ ಮನಸ್ಸೂ ಹೀಗೇ ಆಗಬೇಕು ಎಂದು ಚನ್ನವೀರ ಆಸೆಪಟ್ಟ. ಆಸೆ ಬಿಡಲೆಂದೇ ಮಠಕ್ಕೆ ಬಂದವನು ಇದೊಂದನ್ನು ಮಾತ್ರ ಬಿಡಲಿಲ್ಲ.

ಹಾಗೆ ಆಗಿಯೂ ಆಯಿತು ಅಂದುಕೊಂಡಿದ್ದ. ಹೋದ ಶ್ರಾವಣದಲ್ಲಿ ನೀಲಕ್ಕನ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ತಾಯಿಯಿಲ್ಲದ ಚನ್ನವೀರನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಈ ನೀಲಕ್ಕ. ಸುದ್ದಿ ಕೇಳಿದಾಗ ಫೋನಿನಲ್ಲಿ ಅವನ ದನಿ ಒಂದಿಷ್ಟೂ ನಡುಗಲಿಲ್ಲ.

"ಹುಟ್ಟಿದ್ದು ಹೋಗೂದ ಐತಿ, ಅಕ್ಕಾ. ಅಳಬ್ಯಾಡ," ಎಂದಿದ್ದ.

ಆಕೆ ಫೋನ್ ಇಟ್ಟುಬಿಟ್ಟಳು. ಮನಸ್ಸು ಕದಡೀತೆಂಬ ಅಂಜಿಕೆಯಿಂದ ಅವನು ಆ ಊರಿನ ಕಡೆ ತಲೆ ಹಾಕಲಿಲ್ಲ.

ಈಗ ಅವನು ವರ್ಷಗಟ್ಟಲೆ ಕಾದಿದ್ದ ದಿನ ಬಂದಿತ್ತು. ಗುಡ್ಡದ ಮೇಲಿನ ಕೊಳದ ಬಳಿ, ಹೊತ್ತು ಮುಳುಗುವ ಮುಂಚೆ, ಅವನಿಗೆ ಕಾವಿ ದೀಕ್ಷೆ. ಅಜ್ಜಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನೇ ಕಾರು ಹೊರಡಿಸಿದ.

ದಾರಿ ನೆಟ್ಟಗಿತ್ತು. ಎರಡೂ ಕಡೆ ಸೂರ್ಯಕಾಂತಿ, ಅದರಾಚೆ ಬಿಸಿಲು, ಬಿಸಿಲಿನಾಚೆ ಮತ್ತೆ ಸೂರ್ಯಕಾಂತಿ. ಗಾಡಿ ಓಡುತ್ತಿದೆಯೋ, ಹೊಲಗಳೇ ಹಿಂದಕ್ಕೆ ತೇಲುತ್ತಿವೆಯೋ ತಿಳಿಯದಂತಾಯಿತು. ಎಂಜಿನ್ನು ಮಗ್ಗಲ ಮನೆಯಲ್ಲಿ ಯಾರೋ ತೊಟ್ಟಿಲು ತೂಗುತ್ತ ಗುನುಗಿದ ಹಾಗೆ ಕೇಳುತ್ತಿತ್ತು.

"ಎಷ್ಟು ಮೈಲೇಜ್ ಕೊಡ್ತೈತೋ ಇದು?" ಅಜ್ಜಾರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಲೀಟರಿಗೆ ಇಪ್ಪತ್ತೆರಡು, ಅಜ್ಜಾರ. ನಾ ಕಾಲಿಟ್ಟು ಓಡಿಸಿದ್ರ ಹದಿನೆಂಟು ದಾಟೂದಿಲ್ಲ."

"ಯಾಕ?"

"ನನ್ನ ಕಾಲು ಮನಸಿನ ಮಾತು ಕೇಳ್ತೈತಿ. ಒಮ್ಮೆ ಅವಸರ, ಒಮ್ಮೆ ಬ್ಯಾಸರ. ಈ ಗಾಡಿಗೆ ಎರಡೂ ಇಲ್ಲ. ಅದಕ್ಕ ಎಣ್ಣಿ ಕಡಿಮಿ ಕುಡೀತೈತಿ."

"ಶಾಣ್ಯಾ ಗಾಡಿ ಬಿಡು," ಎಂದರು ಅಜ್ಜಾರು. ಹೊಗಳಿದ್ದು ತನ್ನನ್ನೇ ಎಂಬಂತೆ ಚನ್ನವೀರ ಒಳಗೊಳಗೇ ಬೀಗಿದ.

ಹೊಲಗಳು ಮುಗಿದವು. ಕಲ್ಲುಬಂಡೆಗಳ ಗುಡ್ಡ ಎದುರಿಗೆ ಬಂತು. ಏರು ಹತ್ತುತ್ತಿದ್ದಂತೆ ಗುನುಗು ನಿಂತು ಎಂಜಿನ್ನು ಅಬ್ಬರಿಸತೊಡಗಿತು. ಮೈಲೇಜಿನ ಅಂಕಿ ಇಳಿಯಿತು. ಇನ್ನೂ ಇಳಿಯಿತು.

"ಯಾಕೋ ಇಷ್ಟು ಒದರಾಕತ್ತೈತಿ?"

"ಏರು ಬಂತಲ್ರಿ ಅಜ್ಜಾರ. ಹಿಡಿದ ವೇಗ ಬಿಡಬಾರ್ದಂತ ಎಣ್ಣಿ ಸುರೀತೈತಿ."

"ಗುಡ್ಡ ಕಾಣಂಗಿಲ್ಲೇನು ಅದಕ್ಕ?"

"ಇಲ್ರಿ. ಅದಕ್ಕ ವೇಗ ಒಂದ ಗೊತ್ತು."

"ನಿನಗ ಕಾಣ್ತೈತೇನು?"

ಚನ್ನವೀರ ಮೆಲ್ಲಗೆ ಬ್ರೇಕ್ ಮುಟ್ಟಿದ. ಕ್ರೂಸ್ ಕಂಟ್ರೋಲ್ ಕೈಬಿಟ್ಟಿತು. ಗಾಡಿ ಈಗ ಅವನ ಕಾಲಿನ ಹದಕ್ಕೆ ನಿಧಾನವಾಗಿ ಏರತೊಡಗಿತು, ಸದ್ದು ಅಡಗಿತು.

ಅಷ್ಟು ನಿಧಾನದಲ್ಲಿ ಎಲ್ಲವೂ ಕಾಣುತ್ತಿತ್ತು. ಬಂಡೆಯ ಸಂದಿನ ಹುಲ್ಲು, ಹುಲ್ಲಿನ ಮೇಲಿನ ಬೆಳಕು, ತಿರುವಿನಾಚೆ ಹೊಗೆಯಾಡುವ ಹತ್ತಾರು ಮನೆ.

"ಇದು ನಮ್ಮ ಅಕ್ಕನ ಊರು, ಅಜ್ಜಾರ."

"ಹೌದೇನು?"

"ಇಲ್ಲಿ ನಿಂತ್ರ ಮುಹೂರ್ತ ತಪ್ಪತೈತಿ."

ಅಜ್ಜಾರು ಕಿಟಕಿಯ ಗಾಜು ಇಳಿಸಿದರು. ಜೋಳದ ರೊಟ್ಟಿ ಸುಡುವ ವಾಸನೆ ಒಳಗೆ ಬಂತು. ಚನ್ನವೀರ ಕಾರು ನಿಲ್ಲಿಸಿದ.

ನೀಲಕ್ಕ ಒಲೆಯ ಮುಂದಿದ್ದಳು. ತಮ್ಮನನ್ನು ನೋಡಿ ಎದ್ದಳು, ಮತ್ತೆ ಕೂತಳು.

"ಉಪದೇಶ ಹೇಳಾಕ ಬಂದಿಯೇನಪಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಪಕ್ಕ ನೆಲದ ಮೇಲೆ ಕೂತ.

"ಕಡೀ ದಿನಾನೂ ನಿನ್ನ ಕೇಳಿದ್ಲೋ. ಮಾಮಾ ಯಾವಾಗ ಬರ್ತಾನಂತ."

ಚನ್ನವೀರನ ಎದೆ ಒಡೆಯಿತು. ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನೀಲಕ್ಕ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಮಗಳು ಹೋದಾಗಿನಿಂದ ಕಲ್ಲಾಗಿದ್ದ ಅವಳೂ ಅತ್ತಳು. ಹಂಚಿನ ಮೇಲೆ ರೊಟ್ಟಿ ಕರಕಾಯಿತು, ಇಬ್ಬರೂ ಏಳಲಿಲ್ಲ. ಹೊರಗೆ ಬಿಸಿಲು ಕೆಂಪಾಗಿ, ಮಬ್ಬಾಗಿ, ಗುಡ್ಡದ ಹಿಂದೆ ಕರಗಿತು.

ಅಜ್ಜಾರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಚನ್ನವೀರ ಹೊರಬಂದು ಅವರೆದುರು ತಲೆ ತಗ್ಗಿಸಿ ನಿಂತ.

"ಅಜ್ಜಾರ, ಮುಹೂರ್ತ ಹೋತು. ನನ್ನ ಮನಸ್ಸೂ ಹಿಡಿತ ತಪ್ಪಿತು. ನಾ ದೀಕ್ಷಾಕ್ಕ ಲಾಯಕ್ಕಲ್ರಿ."

ಅಜ್ಜಾರು ತಮ್ಮ ಹೆಗಲ ವಸ್ತ್ರದಿಂದ ಅವನ ಒದ್ದೆ ಮುಖ ಒರೆಸಿದರು.

"ದೀಕ್ಷಾ ಆತಲ್ಲೋ ಹುಚ್ಚಾ. ಒಳಗ ಹೋಗು, ಕೊಟ್ಟಾಕಿಗೆ ನಮಸ್ಕಾರ ಮಾಡಿ ಬಾ."